ತಮ್ಮನಿಗೆ ನಾನು ಗಾಳಿ ಹೊಡೆದ ಕಥೆ

ಸೈಕಲ್ ಟ್ಯೂಬಿಗೆ ಎಷ್ಟು ಗಾಳಿ ಹೊಡೆಯಬೇಕು ಎಂಬುದನ್ನು ನಾನು ಹೆಬ್ಬೆರಳಲ್ಲಿ ಒಂದು ಸಲ ಒತ್ತಿ ಹೇಳಬಲ್ಲೆ. ಮನುಷ್ಯನಿಗೆ ಎಷ್ಟು ಹೊಡೆಯಬೇಕು ಎಂಬುದೂ ನನಗೆ ಗೊತ್ತು ಎಂದು ಒಂದು ಕಾಲದಲ್ಲಿ ನಂಬಿದ್ದೆ. ಟ್ಯೂಬು ಒಡೆದರೆ ಪ್ಯಾಚು ಹಾಕಬಹುದು. ಇದು ಪ್ಯಾಚು ಹಾಕಲಾಗದ ವಿಷಯ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಉಪ್ಪಾರಹಳ್ಳಿಯಲ್ಲಿ ಒಂದು ಸೈಕಲ್ ಶಾಪು, ಒಬ್ಬಳು ಹೆಂಡತಿ, ಒಬ್ಬ ತಮ್ಮ. ಓದು ನಾಲ್ಕನೇ ಕ್ಲಾಸಾದರೂ ಬಾಯಿ ಮಾತ್ರ ಬಿ.ಎ. ಪಾಸಾಗಿತ್ತು. ಗಿರಾಕಿ ಅಂಗಡಿಗೆ ಬಂದು "ಜಯಣ್ಣ, ಬ್ರೇಕು..." ಎನ್ನುವಷ್ಟರಲ್ಲಿ "ಹಿಡೀತಿಲ್ಲ, ಗೊತ್ತು, ಮೊನ್ನೆ ನೀನೇ ತೆಂಗಿನಮರಕ್ಕೆ ಗುದ್ದಿದ್ದು" ಎಂದು ನಾನೇ ಮುಗಿಸುತ್ತಿದ್ದೆ. ಇದನ್ನು ಚುರುಕುತನ ಎಂದು ತಿಳಿದಿದ್ದೆ. ನನ್ನ ಹೆಂಡತಿ ಸುಗುಣ ಇದಕ್ಕೆ ಬೇರೆ ಹೆಸರು ಇಟ್ಟಿದ್ದಳು. ಅದನ್ನು ಇಲ್ಲಿ ಬರೆಯುವಂತಿಲ್ಲ.

ಎಮರ್ಜೆನ್ಸಿ ಮುಗಿದ ಮಾರನೆಯ ವರ್ಷದ ಬೇಸಿಗೆ. ಒಂದು ಭಾನುವಾರ ಚರ್ಚಿನ ಆರಾಧನೆಯಲ್ಲಿ ನಮ್ಮ ಸಭೆಯ ಪಾದ್ರಿ ಅಯ್ಯನವರು ನಾಲಿಗೆಯ ಬಗ್ಗೆ ಪ್ರಸಂಗ ಮಾಡಿದರು. ದೇವರು ಮನುಷ್ಯನಿಗೆ ಬಾಯಿ ಕೊಟ್ಟದ್ದು ಬಿದ್ದವನನ್ನು ಎಬ್ಬಿಸುವುದಕ್ಕೆ, ಎದ್ದು ನಿಂತವನನ್ನು ಬೀಳಿಸುವುದಕ್ಕಲ್ಲ ಎಂದರು. "ಈ ವಾರ ಒಬ್ಬರಿಗೆ ಧೈರ್ಯದ ಮಾತು ಹೇಳಿ. ಅವರನ್ನು ಹುಡುಕಿಕೊಂಡು ದೂರ ಹೋಗಬೇಡಿ. ನಿಮ್ಮ ಪಕ್ಕದಲ್ಲೇ ಕೂತಿರುತ್ತಾರೆ" ಎಂದರು.

ಪಕ್ಕಕ್ಕೆ ತಿರುಗಿದೆ. ನನ್ನ ತಮ್ಮ ಪ್ರಸನ್ನ ಕೂತಿದ್ದ. ಥಟ್ಟನೆ ಮುಖ ಮುಂದಕ್ಕೆ ತಿರುಗಿಸಿಕೊಂಡೆ.

ಯಾಕೆಂದರೆ ಅವನನ್ನು ಬೀಳಿಸಿದವನು ನಾನೇ.

ಪ್ರಸನ್ನನಿಗೆ ಚಿಕ್ಕಂದಿನಿಂದ ಮಾತು ಉಗ್ಗುತ್ತಿತ್ತು. ಬೇರೆ ಅಕ್ಷರಗಳು ಹೇಗೋ ದಾಟಿಬಿಡುತ್ತಿದ್ದವು. 'ಕ' ಬಂದರೆ ಮಾತ್ರ ಬಾಗಿಲು ಹಾಕಿಕೊಳ್ಳುತ್ತಿತ್ತು. ಅವನಿಗೆ ಒಂಬತ್ತು ವರ್ಷ, ನನಗೆ ಹದಿನಾಲ್ಕು. ಸಂಡೇ ಸ್ಕೂಲಿನ ಕ್ರಿಸ್ಮಸ್ ಡ್ರಾಮಾದಲ್ಲಿ ಅವನು ಕುರುಬ. ಕಂಬಳಿ ಹೊದ್ದು, ಕೋಲು ಹಿಡಿದು, ಎಲ್ಲರೆದುರು ಒಂದೇ ಒಂದು ಮಾತು ಹೇಳಬೇಕಿತ್ತು: "ಕರ್ತನು ಹುಟ್ಟಿದ್ದಾನೆ!" ಒಂದು ತಿಂಗಳು ಕೋಳಿಗೂಡಿನ ಹಿಂದೆ ನಿಂತು ಅಭ್ಯಾಸ ಮಾಡಿದ್ದ. ಆ ದಿನ ಮುಂದೆ ಬಂದು "ಕ... ಕ... ಕ..." ಎಂದ. ಜನ ಸುಮ್ಮನೆ ಕಾಯುತ್ತಿದ್ದರು. ಇನ್ನೊಂದು ಉಸಿರು ಕಾದಿದ್ದರೆ ಬರುತ್ತಿತ್ತು. ನಾನು ಹಿಂದಿನಿಂದ ಅವನ ಹಾಗೆಯೇ "ಕ-ಕ-ಕ-ಕರ್ತನು ಹುಟ್ಟಿದ್ದಾನೆ!" ಎಂದು ಕೂಗಿಬಿಟ್ಟೆ. ದೇವಾಲಯಕ್ಕೆ ದೇವಾಲಯವೇ ನಕ್ಕಿತು. ನಾನೂ ನಕ್ಕೆ. ಅವನು ಕೋಲು ಕೆಳಗಿಟ್ಟು ಇಳಿದು ಹೋದ.

ಅವತ್ತಿನಿಂದ ಅವನು ಜನರ ಮುಂದೆ ನಿಲ್ಲಲಿಲ್ಲ. ದೊಡ್ಡವನಾಗಿ ಒಂದು ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುವ ಕೆಲಸಕ್ಕೆ ಸೇರಿದ. ಇಡೀ ದಿನ ಅಕ್ಷರಗಳ ನಡುವೆ ಕೂತು ಒಂದೂ ಮಾತಾಡದೆ ಮನೆಗೆ ಬರುತ್ತಿದ್ದ. ಮನೆಯಲ್ಲಿ ಅವನ ಮಾತನ್ನು ಮುಗಿಸಲು ನಾನಿದ್ದೆನಲ್ಲ! "ಅಣ್ಣ, ಕ... ಕ..." ಎಂದರೆ ಸಾಕು, "ಕತ್ತರಿನಾ? ಕಟಿಂಗ್ ಪ್ಲೇಯರ್ರಾ? ಕಾಫಿನಾ?" ಎಂದು ಸುರಿಸುತ್ತಿದ್ದೆ. ಅವನು ನಾನು ಕೊಟ್ಟದ್ದನ್ನು ಇಸಕೊಂಡು ಹೋಗುತ್ತಿದ್ದ. ಒಂದು ದಿನ ಕಾಫಿ ಕೇಳಲು ಬಂದವನು ಕಟಿಂಗ್ ಪ್ಲೇಯರ್ ಹಿಡಿದುಕೊಂಡು ಹೋದ. ಸಂಜೆ ಅದನ್ನು ಹಾಗೇ ತಂದು ಕೊಟ್ಟ. ಆಗಲೂ ನನಗೆ ತಿಳಿಯಲಿಲ್ಲ.

ಅಯ್ಯನವರ ಪ್ರಸಂಗ ಮುಗಿದ ಮೇಲೆ ಹೊರಗೆ ಬಂದಾಗ ಪ್ರಸನ್ನ ನನ್ನ ಕೈಗೆ ಒಂದು ಚೀಟಿ ಕೊಟ್ಟ. ಮಾತಾಡಲು ಕಷ್ಟವಾದರೆ ಬರೆದು ಕೊಡುವುದು ಅವನ ಪದ್ಧತಿ. ಹಳ್ಳಿ ಸಭೆಗಳಲ್ಲಿ ಪ್ರಸಂಗ ಮಾಡುವ ಉಪದೇಶಿಯ ತರಬೇತಿಗೆ ತಾನು ಅರ್ಜಿ ಹಾಕಿದ್ದೇನೆ, ಮೂರು ವಾರ ಬಿಟ್ಟು ಗುಬ್ಬಿಯ ಚಿಕ್ಕ ಸಭೆಯಲ್ಲಿ ಒಂದು ಪ್ರಸಂಗ ಮಾಡಬೇಕು, ಸಭೆಯ ಹಿರಿಯರು ಬಂದು ಕೇಳಿ ನಿರ್ಧಾರ ಮಾಡುತ್ತಾರೆ, ಇರುವುದು ಒಂದೇ ಸೀಟು, ಇನ್ನೊಂದು ಅವಕಾಶ ಇಲ್ಲ ಎಂದು ಬರೆದಿತ್ತು. ಕೊನೆಯಲ್ಲಿ: "ಅಣ್ಣ, ಯಾರಿಗೂ ಹೇಳಬೇಡ."

ನನ್ನ ಕಣ್ಣು ತುಂಬಿತು. ಹದಿನೈದು ವರ್ಷದ ಪಾಪ ತೊಳೆಯಲು ದೇವರು ಬಕೆಟ್ಟು ನೀರು ಕಳಿಸಿದ್ದಾನೆ! ಈ ಹುಡುಗನಿಗೆ ಧೈರ್ಯ ತುಂಬುವುದು ಇನ್ನು ನನ್ನ ಜವಾಬ್ದಾರಿ ಎಂದು ಅಲ್ಲೇ ಹುಣಸೆಮರದ ಕೆಳಗೆ ಪ್ರತಿಜ್ಞೆ ಮಾಡಿದೆ.

ಸಂಜೆಯೊಳಗೆ ಇಡೀ ಉಪ್ಪಾರಹಳ್ಳಿಗೆ ಹೇಳಿಯಾಗಿತ್ತು.

"ಎಲ್ಲಾರೂ ಅವ್ನಿಗೆ ಒಂದೊಂದು ಒಳ್ಳೇ ಮಾತು ಹೇಳಿ. ಉಗ್ಗಿದ್ರೂ ಪರವಾಗಿಲ್ಲ ಅನ್ನಿ" ಎಂದು ಬೀದಿಯಲ್ಲಿ ಸಾರಿದೆ. ಅವನು ಉಗ್ಗುತ್ತಾನೆ ಎಂದು ಅರ್ಧ ಬೀದಿಗೆ ಗೊತ್ತೇ ಇರಲಿಲ್ಲ. ಕಡಿಮೆ ಮಾತಿನ ಗಂಭೀರ ಹುಡುಗ ಎಂದುಕೊಂಡಿದ್ದರು. ಈಗ ಗೊತ್ತಾಯಿತು. ಮಾರನೆಯ ದಿನ ಅವನು ಪ್ರೆಸ್ಸಿಗೆ ಹೊರಟಾಗ ಹಾಲಿನವನಿಂದ ಹಿಡಿದು ಇಸ್ತ್ರಿಯವನವರೆಗೆ ಎಲ್ಲರೂ ನಿಲ್ಲಿಸಿ "ಹೆದರ್ಕೋಬ್ಯಾಡ ಕಣಪ್ಪ, ಉಗ್ಗಿದ್ರೂ ಪರವಾಗಿಲ್ಲ" ಎಂದರು. ಅವನು ತಲೆ ತಗ್ಗಿಸಿಕೊಂಡು ಹೋದ. ಸಂಜೆ ಹಿಂದಿನ ಗಲ್ಲಿಯಿಂದ ಬಂದ.

ಪಕ್ಕದ ಮನೆ ಪುಟ್ಟಗೌರಮ್ಮನವರು ಬಜೆಬೇರು, ಜೇನುತುಪ್ಪ, ತೇಯುವ ಕಲ್ಲು ಮೂರನ್ನೂ ತಂದರು. "ನಮ್ ಮೊಮ್ಮಗುಂಗೆ ಇದನ್ನೇ ತೇದು ನಾಲ್ಗೆಗೆ ಹಚ್ಚಿದ್ದು. ಈಗ ಬಾಯಿ ಮುಚ್ಚು ಅಂದ್ರೂ ಮುಚ್ಚಾಕಿಲ್ಲ" ಎಂದರು. ಎಳೆ ಮಗುವಿಗೆ ಒಂದು ಸುತ್ತು ತೇಯುವುದು ಪದ್ಧತಿ. ಇಪ್ಪತ್ತನಾಲ್ಕು ವರ್ಷದವನಿಗೆ ಎಷ್ಟು? ನಾನು ಲೆಕ್ಕ ಹಾಕಿ ಅರ್ಧ ಬೇರು ತೇದೆ. ಪ್ರಸನ್ನ ಎರಡು ದಿನ ಊಟದ ರುಚಿ ಗೊತ್ತಾಗದೆ ಒದ್ದಾಡಿದ. 'ಕ' ಹಾಗೇ ಇತ್ತು. ಜೊತೆಗೆ ಆ ಎರಡು ದಿನ 'ತ' ಕೂಡ ನಿಂತುಹೋಯಿತು!

"ನೀವು ಧೈರ್ಯ ತುಂಬ್ತಾ ಇದೀರೋ, ಇದ್ದಿದ್ನೂ ಇಳಿಸ್ತಾ ಇದೀರೋ?" ಸುಗುಣ ಕೇಳಿದಳು.

"ನಿಂಗೆ ಗೊತ್ತಾಗಲ್ಲ, ಸುಮ್ನಿರು."

"ಅವನು ರಾತ್ರಿ ಊಟ ಬಿಟ್ಟವ್ನೆ. ಅದು ಗೊತ್ತಾಗುತ್ತೆ ನಂಗೆ."

ಇಷ್ಟರಲ್ಲಿ ಇನ್ನೊಂದು ಗಂಡಾಂತರ ಬಯಲಾಯಿತು. ಅವನ ಪ್ರಸಂಗದ ವಿಷಯ ಏನೆಂದು ಕೇಳಿದೆ. ಬರೆದು ತೋರಿಸಿದ: "ಕರ್ತನು ಕಾಯುತ್ತಾನೆ." ಎರಡೇ ಪದ. ಎರಡಕ್ಕೂ ಮುಂದೆ 'ಕ'!

"ಲೋ, ಯಾಕೋ ಹಿಂಗೆ ನೀನಾಗೇ ಹಳ್ಳಕ್ಕೆ ಬೀಳ್ತೀಯ? ದೇವರು ತಾಳ್ಮೆಯುಳ್ಳವನು ಅನ್ನು. ಒಂದೂ ಕ ಇಲ್ಲ. ನೋಡು, ಹೆಂಗೆ ಜಾರ್ಕೊಂಡು ಹೋಗುತ್ತೆ!"

ಅವನು ನಕ್ಕು ತಲೆಯಾಡಿಸಿದ. "ಇಲ್ಲ ಅಣ್ಣ. ಅದೇ ಹೇಳ್ಬೇಕು" ಎಂದ. ಆ ಮಾತು ಒಂದಿಷ್ಟೂ ಉಗ್ಗಲಿಲ್ಲ. ನನಗೆ ಇನ್ನೂ ಭಯವಾಯಿತು.

ಆಗ ಹೊಳೆಯಿತು ನನಗೆ ಆ ಮಹಾ ಉಪಾಯ.

ನನ್ನ ಸೋದರಮಾವ ಯೋಸೇಪಪ್ಪ ಕುಣಿಗಲ್ಲಿನಲ್ಲಿ ಕುದುರೆ ನೋಡಿಕೊಳ್ಳುವ ಕೆಲಸದಲ್ಲಿದ್ದರು. ಅವರು ಮೈದಾನದ ಈ ತುದಿಯಲ್ಲಿ ಕೂಗಿದರೆ ಆ ತುದಿಯ ಕುದುರೆ ಮೇಯುವುದು ನಿಲ್ಲಿಸುತ್ತಿತ್ತು. ನಮ್ಮದು ಮೌನದ ಸಭೆ. ಕೆಮ್ಮು ಬಂದರೂ ಹೊರಗೆ ಹೋಗಿ ಕೆಮ್ಮಬೇಕು. ಮಾವ ಹೋಗುತ್ತಿದ್ದದ್ದು ಮನೆಗಳಲ್ಲಿ ಸೇರುವ ಪ್ರಾರ್ಥನಾ ಕೂಟಕ್ಕೆ. ಅಲ್ಲಿ ಒಬ್ಬರು ಮಾತಾಡುತ್ತಿದ್ದರೆ ಉಳಿದವರು ನಡುನಡುವೆ "ಸ್ತೋತ್ರ!" "ಆಮೆನ್!" ಎಂದು ಗಟ್ಟಿಯಾಗಿ ಕೂಗಿ ಹುರಿದುಂಬಿಸುತ್ತಾರೆ. ಇದನ್ನೇ ಗುಬ್ಬಿಗೆ ತಂದರೆ? ಪ್ರಸನ್ನ 'ಕ'ದಲ್ಲಿ ಸಿಕ್ಕಿಕೊಂಡ ಕೂಡಲೇ ಹಿಂದಿನಿಂದ ಒಂದು ದೊಡ್ಡ "ಸ್ತೋತ್ರ!" ಜನರ ಗಮನ ಅತ್ತ ಹೋಗುತ್ತದೆ, ಇವನಿಗೆ ಉಸಿರು ಎಳೆಯಲು ಸಮಯ ಸಿಗುತ್ತದೆ, ಹಿರಿಯರು "ಎಂಥಾ ಪ್ರಭಾವದ ಪ್ರಸಂಗ!" ಎಂದುಕೊಳ್ಳುತ್ತಾರೆ. ಒಂದೇ ಕಲ್ಲಿಗೆ ಮೂರು ಹಕ್ಕಿ!

ಶನಿವಾರ ಬಸ್ಸು ಹತ್ತಿ ಕುಣಿಗಲ್ಲಿಗೆ ಹೋದೆ.

"ಅಷ್ಟೇಯೇನ್ಲಾ ಜಯ?" ಮಾವ ಮೀಸೆ ತೀಡಿದರು. "ನಾಕು ಜನ ಕರ್ಕೊಂಬತ್ತೀನಿ ಬುಡು. ಆದ್ರೆ ಯಾವಾಗ ಕೂಗ್ಬೇಕು ಅಂತ ಹೆಂಗೆ ಗೊತ್ತಾಗ್ಬೇಕು?"

"ನಾನು ಮುಂದ್ಗಡೆ ಬೆಂಚಲ್ಲಿ ಕೂತಿರ್ತೀನಿ ಮಾವ. ಜೇಬಿಂದ ಬಿಳೀ ಕರ್ಚೀಫು ತೆಗೆದ್ರೆ ಕೂಗಿ. ನಾನು ತೆಗೆದ್ರೆ ಮಾತ್ರ."

"ಕರ್ಚೀಫು ಕಂಡ್ರೆ ಸ್ತೋತ್ರ. ಆಯ್ತು ಬುಡು."

ಏಪ್ರಿಲ್ ತಿಂಗಳು. ಗುಬ್ಬಿಯ ದೇವಾಲಯ ಹೆಂಚಿನದು. ಫ್ಯಾನಿಲ್ಲ. ನಾನು ದಪ್ಪಗಿನ ಮನುಷ್ಯ. ಈ ನಾಲ್ಕು ಸಂಗತಿಗಳನ್ನು ಒಟ್ಟಿಗೆ ಯೋಚಿಸುವಷ್ಟು ವಿದ್ಯೆ ನಾಲ್ಕನೇ ಕ್ಲಾಸಿನಲ್ಲಿ ಹೇಳಿಕೊಟ್ಟಿರಲಿಲ್ಲ.

ಮಾರನೆಯ ದಿನ ಬೆಳಗಿನ ರೈಲಿನಲ್ಲಿ ಗುಬ್ಬಿಗೆ ಹೋದೆವು. ಹಿರಿಯರು ಮೂವರು ಮೊದಲೇ ಬಂದು ಗೋಡೆ ಪಕ್ಕದ ಕುರ್ಚಿಗಳಲ್ಲಿ ಕೂತಿದ್ದರು. ನಡುವೆ ಜ್ಞಾನಪ್ಪ ಮೇಷ್ಟ್ರು: ನಿವೃತ್ತ ಹೆಡ್‌ಮಾಸ್ಟರು, ಮುಖದಲ್ಲಿ ನಗು ಎಂಬ ಪದಾರ್ಥ ಕಂಡವರಿಲ್ಲ. ಸಭೆಯಲ್ಲಿ ಮೂವತ್ತು ಜನ. ಕೊನೆಯ ಬೆಂಚಿನಲ್ಲಿ ಕುಣಿಗಲ್ಲಿನ ಐದು ಎದೆಗಳು ಉಬ್ಬಿಕೊಂಡು ಕೂತಿದ್ದವು.

ಕೀರ್ತನೆ ಆಯಿತು, ಪ್ರಾರ್ಥನೆ ಆಯಿತು. ಪ್ರಸನ್ನ ಪ್ರಸಂಗಪೀಠ ಹತ್ತಿದ. ಪೀಠದ ಅಂಚು ಹಿಡಿದುಕೊಂಡ.

"ಪ್ರಿಯರೇ," ಎಂದ. ಸಲೀಸಾಗಿ ಬಂತು! "ಹೋದ ವಾರ ಈ ಸಭೆಯ ಹಿರಿಯ ತಾಯಿಯೊಬ್ಬರು ನಮ್ಮನ್ನು ಅಗಲಿದರು..."

ನನ್ನ ಹಣೆಯಿಂದ ಬೆವರು ಕಣ್ಣಿಗೆ ಇಳಿಯಿತು. ಕೈ ತಾನಾಗಿ ಜೇಬಿಗೆ ಹೋಯಿತು. ಒರೆಸಿಕೊಂಡೆ.

"ಸ್ತೋತ್ರ!!!"

ಐದು ಕಂಠ. ಹೆಂಚಿನ ಮೇಲಿದ್ದ ಪಾರಿವಾಳಗಳು ಎದ್ದು ಹೋದವು. ಮುಂದಿನ ಸಾಲಿನಲ್ಲಿ ತೀರಿಹೋದ ಆ ತಾಯಿಯ ಮಗ ಕೂತಿದ್ದ. ಅವನು ಮೆಲ್ಲಗೆ ತಿರುಗಿ ನೋಡಿದ.

ನನ್ನ ಬೆವರು ಇನ್ನೂ ಹೆಚ್ಚಾಯಿತು. ಭಯದ ಬೆವರು ಬೇರೆ, ಸೆಕೆಯ ಬೆವರು ಬೇರೆ; ಎರಡೂ ಒಟ್ಟಿಗೆ ಸುರಿದವು. ಪ್ರಸನ್ನ ಬೆದರಿದರೂ ಮುಂದುವರಿಸಿದ. "ನಾವೆಲ್ಲರೂ ದಾರಿ ತಪ್ಪಿದವರೇ. ಬಡವರೂ ತಪ್ಪಿದ್ದೇವೆ. ಹಿರಿಯರೂ ತಪ್ಪಿದ್ದಾರೆ..."

ಕಣ್ಣು ಉರಿದು ಏನೂ ಕಾಣದೆ ಮತ್ತೆ ಒರೆಸಿಕೊಂಡೆ.

"ಸ್ತೋತ್ರ! ಹೌದಪ್ಪೋ! ಆಮೆನ್!"

ಮೂವರು ಹಿರಿಯರು ಒಟ್ಟಿಗೆ ಕತ್ತು ತಿರುಗಿಸಿದರು. ಜ್ಞಾನಪ್ಪ ಮೇಷ್ಟ್ರ ಕನ್ನಡಕ ಮೂಗಿನ ತುದಿಗೆ ಬಂತು. ಸುಗುಣ ಹೆಂಗಸರ ಕಡೆಯಿಂದ ನನ್ನನ್ನು ನೋಡಿದ ನೋಟವನ್ನು ನಾನು ಸಾಯುವವರೆಗೂ ಮರೆಯಲಾರೆ. ಅವಳಿಗೆ ಎಲ್ಲಾ ಅರ್ಥವಾಗಿತ್ತು.

ನಿಲ್ಲಿಸಬೇಕು! ಹೇಗಾದರೂ ಮಾಡಿ ನಿಲ್ಲಿಸಬೇಕು! ಹಿಂದಕ್ಕೆ ತಿರುಗಿ, ಎರಡೂ ಕೈ ಮೇಲೆತ್ತಿ, ಬೇಡ ಬೇಡ ಎಂದು ಜೋರಾಗಿ ಬೀಸಿದೆ. ಒಂದು ಕೈಯಲ್ಲಿ ಕರ್ಚೀಫು ಇತ್ತು.

ಮಾವನಿಗೆ ಆನಂದವಾಯಿತು. ಇಷ್ಟು ದೊಡ್ಡ ಸನ್ನೆ ಎಂದರೆ ಪ್ರಸಂಗ ಬಹಳ ಎತ್ತರಕ್ಕೆ ಹೋಗಿದೆ ಎಂದು ತಿಳಿದರು. ಐವರೂ ಎದ್ದು ನಿಂತರು. ಚಪ್ಪಾಳೆ ತಟ್ಟಿಕೊಂಡು "ಸ್ತೋತ್ರ! ಸ್ತೋತ್ರ! ಸ್ತೋತ್ರ!" ಎಂದು ತಾಳ ಹಾಕಿದರು. ಹೊರಗೆ ಕಟ್ಟಿದ್ದ ಜಟಕಾ ಕುದುರೆ ಮಾವನ ದನಿಗೆ ಓಗೊಟ್ಟು ಕೆನೆಯಿತು. ಒಂದು ಕೂಸು ಅಳತೊಡಗಿತು.

"ಸದ್ದು!" ಮೇಷ್ಟ್ರು ಎದ್ದು ನಿಂತರು. ನಲವತ್ತು ವರ್ಷ ಹುಡುಗರನ್ನು ಕೂರಿಸಿದ ದನಿ ಅದು. ಕುಣಿಗಲ್ಲಿನ ಐವರೂ ದೊಪ್ಪನೆ ಕೂತರು. ಕುದುರೆಯೂ ಸುಮ್ಮನಾಯಿತು. "ಹುಡುಗ ಮಾತಾಡಲಿ" ಎಂದು ಮೇಷ್ಟ್ರು ಕೂತರು.

ಈಗ ನಿಜವಾದ ಮೌನ. ಎಲ್ಲರ ಕಣ್ಣೂ ಪ್ರಸನ್ನನ ಮೇಲೆ. ಆ ಕಂಬಳಿ ಹೊದ್ದ ಒಂಬತ್ತು ವರ್ಷದವನೇ ಅಲ್ಲಿ ನಿಂತ ಹಾಗೆ ಕಂಡ ನನಗೆ.

ಅವನು ಬಾಯಿ ತೆರೆದ. "ಕ..."

ನಿಂತಿತು.

"ಕ... ಕ..."

ಕುತ್ತಿಗೆಯ ನರ ಉಬ್ಬಿತು. ಕಣ್ಣು ಮುಚ್ಚಿಕೊಂಡ. ಮೂವತ್ತು ಜನ ಉಸಿರು ಹಿಡಿದು ಕೂತಿದ್ದರು. ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದರು. ಏನು ಬರೆಯುತ್ತಾರೆ? ಬರೆದರೆ ಮುಗಿಯಿತು, ಸೀಟು ಹೋಯಿತು!

ನನ್ನ ನಾಲಿಗೆಯ ತುದಿಗೆ ಆ ಪದ ಬಂದು ಕೂತಿತ್ತು. ಕರ್ತನು! ಕರ್ತನು! ಒಂದೇ ಪದ. ಹದಿನೈದು ವರ್ಷದ ಅಭ್ಯಾಸ. ತುಟಿ ತಾನಾಗಿ ತೆರೆಯಿತು, ಗಂಟಲಲ್ಲಿ 'ಕ' ಹೊರಟೇಬಿಟ್ಟಿತು. ಬೇರೆ ದಾರಿ ಕಾಣದೆ ನಾನು ಆ ಒದ್ದೆ ಕರ್ಚೀಫನ್ನು ಉಂಡೆ ಮಾಡಿ ಬಾಯೊಳಗೆ ತುರುಕಿಕೊಂಡೆ. ಇಡೀ ಕರ್ಚೀಫು! ಮೇಲಿಂದ ಎರಡೂ ಕೈಯಲ್ಲಿ ಬಾಯಿ ಒತ್ತಿಕೊಂಡೆ. ಕೆನ್ನೆ ಉಬ್ಬಿ, ಕಣ್ಣು ಹೊರಬಂದು, ಮೂಗಿನಲ್ಲಿ ಬುಸುಗುಟ್ಟುತ್ತಾ ಕೂತೆ. ನನ್ನ ಜೀವಮಾನದಲ್ಲಿ ಅಷ್ಟು ಹೊತ್ತು ಬಾಯಿ ಮುಚ್ಚಿದ್ದು ಅದೇ ಮೊದಲು.

ಪ್ರಸನ್ನ ಕಣ್ಣು ತೆರೆದ. ನೇರವಾಗಿ ನನ್ನನ್ನು ನೋಡಿದ.

ಒಂದು ಕ್ಷಣ ಅವನಿಗೆ ಏನೆಂದು ತಿಳಿಯಲಿಲ್ಲ. ಆಮೇಲೆ ಅವನ ತುಟಿ ಅಲುಗಿತು. ಗಲ್ಲ ನಡುಗಿತು. ಪೀಠದ ಮೇಲೆ ನಿಂತೇ ನಕ್ಕುಬಿಟ್ಟ! ನಗುತ್ತಲೇ ಒಂದು ಉಸಿರು ಎಳೆದ. ಯಾರೂ ಅವನ ಮಾತು ಕಸಿಯಲಿಲ್ಲ.

"ಕರ್ತನು ಕಾಯುತ್ತಾನೆ" ಎಂದ.

ಆಮೇಲೆಯೂ ಉಗ್ಗಿದ. ಎಷ್ಟೋ ಕಡೆ ನಿಂತ. ನಿಂತಾಗಲೆಲ್ಲ ಜನ ಕಾದರು. ನಾವು ಎಡವಿ ಎಡವಿ ಆಡುವ ಪ್ರಾರ್ಥನೆಯನ್ನು ದೇವರು ನಡುವೆ ಬಾಯಿ ಹಾಕದೆ ಪೂರ್ತಿ ಕೇಳುತ್ತಾನೆ ಎಂದು ಅವನು ಹೇಳಿದಾಗ ಆ ತಾಯಿಯ ಮಗ ಕಣ್ಣು ಒರೆಸಿಕೊಂಡ. ನಾನೂ ಒರೆಸಿಕೊಳ್ಳಬೇಕಿತ್ತು. ಕರ್ಚೀಫು ಬಾಯಲ್ಲಿತ್ತು.

ಆರಾಧನೆ ಮುಗಿದ ಮೇಲೆ ಜ್ಞಾನಪ್ಪ ಮೇಷ್ಟ್ರು ನನ್ನನ್ನು ಹೊರಗೆ ಕರೆದರು. ಮಾವನನ್ನು ಕರೆಸಿದ್ದು, ಕರ್ಚೀಫಿನ ಸನ್ನೆ, ಬಜೆ, ಕೊನೆಗೆ ಆ ಕ್ರಿಸ್ಮಸ್ ಡ್ರಾಮಾ ಎಲ್ಲವನ್ನೂ ಒಪ್ಪಿಕೊಂಡೆ. ಪ್ರಸನ್ನನ ತಪ್ಪು ಏನೂ ಇಲ್ಲ ಸಾರ್ ಎಂದು ಕೈಮುಗಿದೆ.

ಮೇಷ್ಟ್ರು ಕನ್ನಡಕ ತೆಗೆದು, ಪಂಚೆಯ ತುದಿಯಲ್ಲಿ ನಿಧಾನವಾಗಿ ಒರೆಸಿ, ಮತ್ತೆ ಹಾಕಿಕೊಂಡರು. ನಾನು ಕಾದೆ. ಅಷ್ಟು ಹೊತ್ತಿಗೆ ಕಾಯುವುದು ಸ್ವಲ್ಪ ಕಲಿತಿದ್ದೆ.

"ಇವತ್ತು ಒಬ್ಬರೂ ನಿದ್ದೆ ಮಾಡಲಿಲ್ಲ. ಹುಡುಗನನ್ನು ತರಬೇತಿಗೆ ಕಳಿಸುತ್ತೇವೆ" ಎಂದರು. "ಆದರೆ ಒಂದು ಷರತ್ತು."

"ಏನು ಸಾರ್?"

"ನೀನು ಜೊತೆಗೆ ಹೋಗಕೂಡದು."

ಅಷ್ಟರಲ್ಲಿ ಮಾವ ಬೆವರು ಒರೆಸುತ್ತಾ ಬಂದರು. "ಹೆಂಗಿತ್ಲಾ ನಮ್ ಸ್ತೋತ್ರ? ಆ ಮುದುಕಪ್ಪ ಮಧ್ಯ ಬರ್ದೇ ಇದ್ದಿದ್ರೆ ಇನ್ನೂ ಎತ್ತರುಕ್ಕೆ ಒಯ್ತಿದ್ವಿ!"

ಆ ಮುದುಕಪ್ಪ ಅಲ್ಲೇ ನಿಂತಿದ್ದರು.

ವಾಪಸು ಬರುವಾಗ ಗುಬ್ಬಿ ಸ್ಟೇಷನ್ನಿನ ಬೆಂಚಿನ ಮೇಲೆ ನಾನು, ಪ್ರಸನ್ನ ಇಬ್ಬರೇ ಕೂತಿದ್ದೆವು. ಸುಗುಣ ಬೇಕೆಂದೇ ದೂರ ಹೋಗಿ ನಿಂತಿದ್ದಳು. ಹೇಳಬೇಕು. ಇವತ್ತು ಹೇಳದಿದ್ದರೆ ಇನ್ನು ಯಾವತ್ತೂ ಇಲ್ಲ. ಡ್ರಾಮಾದ ದಿನ ನಿನ್ನ ಮಾತು ಕಸಿದುಕೊಂಡವನು ನಾನು, ಕ್ಷಮಿಸು ಎನ್ನಬೇಕು.

"ಪ್ರಸನ್ನ..." ಎಂದೆ.

"ಏನಣ್ಣ?"

"ಕ್... ಕ್ಷ..."

ನಿಂತಿತು. ಬಿ.ಎ. ಪಾಸಾದ ನನ್ನ ಬಾಯಿ! ಮತ್ತೆ ಪ್ರಯತ್ನಿಸಿದೆ. "ಕ್ಷ... ಕ್..." ಬರಲೊಲ್ಲದು.

ಅವನು ನನ್ನ ಕಡೆ ತಿರುಗಿ ಕೂತ. ಕಾದ. ನನ್ನ ಮಾತನ್ನು ಅವನು ಮುಗಿಸಿಬಿಡಲಿ ಎಂದು ನಾನು ಆಸೆಯಿಂದ ನೋಡಿದೆ. ಮುಗಿಸಲಿಲ್ಲ. ದೂರದಲ್ಲಿ ನಿಟ್ಟೂರಿನ ಕಡೆಯಿಂದ ರೈಲಿನ ಶಿಳ್ಳೆ ಕೇಳಿತು. ಆಗಲೂ ಕಾದ. ರೈಲು ಪ್ಲಾಟ್‌ಫಾರಂಗೆ ಬಂದು ನಿಲ್ಲುವಾಗ ಬಾಗಿ, ಬಹಳ ಗಂಭೀರವಾಗಿ ಕೇಳಿದ:

"ಏನಣ್ಣ? ಕಟಿಂಗ್ ಪ್ಲೇಯರ್ರಾ? ಕಾಫಿನಾ?"

ನಾನು "ಕಾಫಿ" ಎಂದುಬಿಟ್ಟೆ. ಹೇಡಿ!

ಪ್ರಸನ್ನ ತರಬೇತಿ ಮುಗಿಸಿ ಈಗ ಹಳ್ಳಿಯೊಂದರ ಸಭೆಯಲ್ಲಿ ಉಪದೇಶಿ. ಅಲ್ಲಿನ ಜನ ಅವನ ಹತ್ತಿರ ಗಂಟೆಗಟ್ಟಲೆ ಕಷ್ಟ ಹೇಳಿಕೊಳ್ಳುತ್ತಾರಂತೆ. ನಡುವೆ ಬಾಯಿ ಹಾಕದ ಉಪದೇಶಿ ಇವರೊಬ್ಬರೇ ಎನ್ನುತ್ತಾರಂತೆ. ರಜೆಗೆ ಮನೆಗೆ ಬಂದಾಗಲೆಲ್ಲ ಅಂಗಡಿಯಲ್ಲಿ ನನ್ನೆದುರು ಸ್ಟೂಲು ಹಾಕಿಕೊಂಡು ಕೂತು, ನನ್ನ ಮುಖ ನೋಡಿ ಕಾಯುತ್ತಾನೆ. ನಾನು "ಕ್ಷ..." ಎನ್ನುತ್ತೇನೆ. ಆಮೇಲೆ ಒಳಗೆ ಕೂಗಿ ಕಾಫಿ ತರಿಸುತ್ತೇನೆ.

"ಆ ಒಂದು ಮಾತು ಹೇಳ್ಬಿಡ್ರೀ ಅತ್ಲಾಗೆ" ಎನ್ನುತ್ತಾಳೆ ಸುಗುಣ. "ಕಾಫಿಪುಡಿಯಾದ್ರೂ ಉಳಿಯುತ್ತೆ!"

ಅದಕ್ಕೇ ಇದನ್ನು ಬರೆದೆ. ಬರೆಯಲು ನಾಲಿಗೆ ಬೇಕಾಗಿಲ್ಲವಲ್ಲ. ಕ್ಷಮಿಸು ಪ್ರಸನ್ನ. ನಾಳೆ ನೀನು ಬರುತ್ತೀಯಂತೆ. ಇದನ್ನು ಓದಿದೆ ಎಂದು ಮಾತ್ರ ದಯವಿಟ್ಟು ನನ್ನೆದುರು ಹೇಳಬೇಡ. ನಾನು ಮತ್ತೆ ಕಾಫಿ ಎಂದುಬಿಡುತ್ತೇನೆ.